ಗಾಜಿನ ಮೇಲೆ ಹದಿಮೂರು ನಲವತ್ತು

ಹೆಣ್ಣುಮಕ್ಕಳ ಹಾಸ್ಟೆಲ್, ಕೋಣೆ 214
ಟಲ್ಸಾ, ಓಕ್ಲಹೋಮ
22 ಆಗಸ್ಟ್ 1976

ಅಪ್ಪ,

ಮೊದಲಿಗೆ ಸಾರಿ. ಕ್ಯಾಂಪಿಗೆ ಕಾಗದ ಬರೆಯಬೇಡ, ಅಂಚೆಯವನು ಊಟದ ಕೋಣೆಯಲ್ಲಿ ನಿಂತು ಹೆಸರು ಕೂಗುತ್ತಾನೆ, ಬೆಸುಗೆಯವರೆಲ್ಲ ಹಲ್ಲು ಕಿರಿಯುತ್ತಾರೆ ಎಂದು ಅಲಾಸ್ಕಾಗೆ ಹೊರಡುವಾಗ ನೀವು ಹೇಳಿದ್ದು ಮರೆತಿಲ್ಲ. ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು. ಇದನ್ನೂ ಹರಿಯುವ ಮೊದಲೇ ಅಂಟಿಸಿಬಿಡುತ್ತೇನೆ.

ವಿಷಯ ನಿಮ್ಮ ಷೆವೆಲ್ ಕಾರಿನದು. ಕಾಲೇಜು ಶುರುವಾಗುವ ಮುಂಚೆ ಗ್ಲೆನ್‌ಪೂಲ್ ಮನೆಗೆ ಹೋಗಿದ್ದೆ. ಗ್ಯಾರೇಜಿನಲ್ಲಿ ದೊಡ್ಡಪ್ಪನ ಮಗ ಡಾಯ್ಲ್ ಕಾರಿನ ಸುತ್ತ ಸುತ್ತುತ್ತಿದ್ದ. "ಚಿಕ್ಕಪ್ಪ ಇದನ್ನ ನಂಗೇ ಕೊಡೋದು. ನೀನು ಪುಸ್ತಕ ಓದ್ಕೊಂಡಿರು, ಸಿಸ್ಟರಮ್ಮ" ಎಂದ. ಅವನು ಹೋದ ಮೇಲೆ ಒಂದು ಗಂಟೆ ಅದೇ ಗ್ಯಾರೇಜಿನಲ್ಲಿ ಕೂತು, ಅವನಿಗೆ ಹೇಳಬೇಕಾಗಿದ್ದನ್ನೆಲ್ಲ ಗೋಡೆಗೆ ಹೇಳಿದೆ.

ಆ ಕಾರು ನನಗೆ ಬೇಕು. ಸುಮ್ಮನೆ ಓಡಾಡಲು ಅಲ್ಲ, ರೇಸಿಗೆ. ಒಂಬತ್ತನೇ ವಯಸ್ಸಿನಿಂದ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ವರ್ಷಕ್ಕೆ ಎರಡು ವಾರ ನಿಮ್ಮ ಜೊತೆ ಇರುತ್ತಿದ್ದೆ, ಆ ಎರಡು ವಾರದಲ್ಲಿ ನೀವು ನನ್ನ ಜೊತೆ ಮಾತಾಡಿದ್ದೆಲ್ಲ ಆ ಕಾರಿನೊಳಗೇ. ಅಮ್ಮ ಅಮರಿಲೋದಲ್ಲಿ ಬೇರೆ ಸಂಸಾರ ಹೂಡಿದ್ದಾಳೆ. ಮನೆ ಬೀಗ ಹಾಕಿದೆ. ನಿಮ್ಮದು ಅಂತ ನನಗೆ ಉಳಿಯಬಹುದಾದ್ದು ಅದೊಂದೇ.

ನಿನ್ನೆ ನಿಮ್ಮನ್ನು ಕೇಳದೆ ಅದನ್ನು ಟ್ರ್ಯಾಕಿಗೆ ತೆಗೆದುಕೊಂಡು ಹೋದೆ. ಅದಕ್ಕೂ ಸಾರಿ. ಗೇರ್ ಹಾಕಲು ಕಾನ್ವೆಂಟಿನ ಹಾಲಿನ ಟ್ರಕ್ಕಿನಲ್ಲಿ ಕಲಿತಿದ್ದೆ, ಅಷ್ಟು ಸಾಕು ಅಂದುಕೊಂಡಿದ್ದೆ. ಹಸಿರು ದೀಪ ಬಂದಾಗ ಆಕ್ಸಿಲರೇಟರ್ ಒತ್ತಿ ಕ್ಲಚ್ ಪೂರ್ತಿ ಬಿಟ್ಟೆ. ಟೈರು ನಿಂತಲ್ಲೇ ತಿರುಗಿ ಹೊಗೆ ಬಂತು, ನನಗೆ ಗಾಬರಿಯಾಯಿತು, ಇಂಜಿನ್ ಆಫ್. ಎರಡನೇ ಸಲ ಕಾಲು ಮೈಲಿಗೆ 16.42 ಸೆಕೆಂಡ್. ಓಟದ ಸಮಯ ಬರೆದು ಚೀಟಿ ಕೊಡುವ ಕಿಟಕಿಯಲ್ಲಿ ಒಪಲ್ ಅಂತ ಒಬ್ಬರು ಕೂರುತ್ತಾರಲ್ಲ, ಅವರು ಕನ್ನಡಕದ ಮೇಲಿಂದ ನೋಡಿ, "ಟ್ಯಾಕೆಟ್ಟಾ? ವರ್ಲಿನ್ ಮಗಳಾ ನೀನು?" ಎಂದರು.

"ಹೌದು ಆಂಟಿ."

"ಆಂಟಿ ಗೀಂಟಿ ಬೇಡ, ಒಪಲ್ ಅನ್ನು. ಟೈರು ಸುಡೋದಾದ್ರೆ ಮನೇಲೇ ಸುಡಬಹುದು ಮಗಾ, ಇಲ್ಲಿಗ್ಯಾಕೆ ಬರ್ಬೇಕು."

ಇಲ್ಲಿಯ ನಿಯಮ ನನಗೆ ಅರ್ಥವಾಗಿದ್ದು ಇಷ್ಟು: ಪ್ರತಿ ಸುತ್ತಿಗೆ ಎರಡು ಕಾರು, ಸೋತವರು ಅಲ್ಲಿಗೇ ಹೊರಗೆ. ನಮ್ಮ ಕಾರು ಎಷ್ಟು ಸೆಕೆಂಡಿಗೆ ಮುಗಿಸುತ್ತದೆ ಎಂದು ನಾವೇ ಮೊದಲು ಗಾಜಿನ ಮೇಲೆ ಬಿಳಿ ಶೂ ಪಾಲಿಶಿನಲ್ಲಿ ಬರೆಯಬೇಕು. ನಿಧಾನದ ಕಾರನ್ನು ಆ ವ್ಯತ್ಯಾಸದಷ್ಟು ಮೊದಲೇ ಬಿಡುತ್ತಾರೆ. ಕೊನೆಯ ಗೆರೆ ಮೊದಲು ಮುಟ್ಟಿದವರು ಗೆದ್ದಂತೆ. ಆದರೆ ಬರೆದದ್ದಕ್ಕಿಂತ ಬೇಗ ಓಡಿದರೆ, ಮೊದಲು ಮುಟ್ಟಿದರೂ ಸೋತಂತೆ. ಸರಿಯಾ?

ಕಾರು ಹೇಗೆ ಬಿಡಬೇಕು, ದಯವಿಟ್ಟು ಬರೆಯಿರಿ.

ನಿಮ್ಮ
ನೆಡ್ರಾ


ಪೈಪ್‌ಲೈನ್ ಕ್ಯಾಂಪ್, ಅಲಾಸ್ಕಾ
31 ಆಗಸ್ಟ್

ನೆಡ್ರಾ,

ಅಂಚೆಯವನು ಕೂಗಿದ. ಎಲ್ಲರೂ ನಕ್ಕರು. ಸಮಾಧಾನವಾಯ್ತಾ?

ಕೇಳದೆ ಕಾರು ಮುಟ್ಟಿದ್ದೀಯ. ಎದುರಿಗಿದ್ದಿದ್ದರೆ ಬೇರೆ ಮಾತಾಡ್ತಿದ್ದೆ. ಆದರೆ ಡಾಯ್ಲ್‌ಗೆ ನಾನು ಇನ್ನೂ ಮಾತು ಕೊಟ್ಟಿಲ್ಲ. ಅವನಿಗೆ ಬಾಯಿ ಮುಂದೆ, ಕೈ ಹಿಂದೆ.

ಒಂದು ಮಾತು ಹೇಳ್ತೀನಿ, ಎರಡು ಸಲ ಹೇಳಲ್ಲ. ಈ ಸೀಸನ್ ಮುಗಿಯೋದರೊಳಗೆ, ಅಂದರೆ ಅಕ್ಟೋಬರ್ ಕೊನೇ ಶನಿವಾರದೊಳಗೆ, ಒಂದು ಸುತ್ತು ಗೆಲ್ಲು. ಒಂದೇ ಒಂದು. ಗೆದ್ದರೆ ಕಾರಿನ ಕಾಗದ ನಿನ್ನ ಹೆಸರಿಗೆ ಸಹಿ ಮಾಡಿ ಕಳಿಸ್ತೀನಿ. ಇಲ್ಲದಿದ್ದರೆ ಡಾಯ್ಲ್ ಒಯ್ತಾನೆ, ನೀನು ತುಟಿ ಬಿಚ್ಚಬಾರದು.

ಗಾಜಿನ ಮೇಲೆ 13.40 ಬರಿ. ಅದು ಆ ಕಾರಿನ ನಂಬರು, ನನ್ನ ನಂಬರು. ಗ್ಯಾರೇಜಿನ ಗೋಡೆ ಮೇಲೆ ಬಣ್ಣದಲ್ಲಿ ಬರೆದಿದ್ದೀನಿ, ನೋಡಿರ್ತೀಯ. ಟ್ಯಾಕೆಟ್ ಹೆಸರಿನ ಮುಂದೆ ಮೈಕಿನವನು ಹದಿನಾಲ್ಕು ಹದಿನೈದು ಅಂತ ಕೂಗೋದು ನಂಗೆ ಬೇಡ. ಆ ಸೀಮೆಯಲ್ಲಿ ನಾನು ಮತ್ತೆ ಮುಖ ತೋರಿಸ್ಬೇಕು.

ಈಗ ಕಾರು ಬಿಡೋದು. ಕ್ಲಚ್ ಒಂದೇ ಸಲಕ್ಕೆ ಬಿಡೋದು ಸಿನಿಮಾದಲ್ಲಿ. ಹಿಂದಿನ ಟೈರು ನೀರಲ್ಲಿ ತಿರುಗಿಸಿ ಬಿಸಿ ಮಾಡ್ಕೋ. ಗೆರೆಗೆ ಇಂಚಿಂಚು ಹೋಗು. ಇಂಜಿನ್ ಸುತ್ತು ತೋರಿಸೋ ಮುಳ್ಳು ಮೂರು ಸಾವಿರದಲ್ಲಿ ಹಿಡಿ, ಅಲ್ಲಾಡಬಾರದು. ಹಸಿರಿಗೆ ಕಾಯಬೇಡ, ಹಸಿರು ಕಂಡಾಗ ತಡ ಆಗಿರುತ್ತೆ. ಕೊನೇ ಹಳದಿ ಹತ್ತಿದ ತಕ್ಷಣ ಬಿಡು. ಕ್ಲಚ್ ಹಿಡಿಯೋ ಜಾಗದ ತನಕ ಬೇಗ ಬಿಡಬೇಕು, ಅಲ್ಲಿಂದ ಮೇಲಿನ ಎರಡು ಇಂಚು ಮೆಲ್ಲಗೆ, ಬೆಣ್ಣೆ ಮೇಲೆ ಕಾಲಿಟ್ಟ ಹಾಗೆ. ಟೈರು ಕಿರುಚಿದರೆ ಕೆಟ್ಟಿತು. ಗೊಣಗಿದರೆ ಸರಿ. ಕಾಲಲ್ಲಿ ಅಲ್ಲ, ಕಿವಿಯಲ್ಲಿ ಬಿಡೋದು ಕ್ಲಚ್. ತೆಳ್ಳನೆ ಅಡಿಯ ಶೂ ಹಾಕು.

16.42 ಅಂತ ಇನ್ನೊಮ್ಮೆ ಬರೆದು ಕಳಿಸಬೇಡ. ಈ ಕಾಗದ ಬೇರೆಯವರ ಕೈಗೂ ಸಿಗುತ್ತೆ.

ವರ್ಲಿನ್ ಟ್ಯಾಕೆಟ್


ಟಲ್ಸಾ
12 ಸೆಪ್ಟೆಂಬರ್

ಅಪ್ಪ,

ಸ್ವಂತ ಮಗಳಿಗೆ ಪೂರ್ತಿ ಹೆಸರು ಹಾಕಿ ಸಹಿ ಮಾಡಿದ್ದೀರಿ. ಇರಲಿ. ಷರತ್ತು ಒಪ್ಪಿದೆ.

ನೀವು ಹೇಳಿದ ಹಾಗೆ ಮಾಡಿದೆ. ಬ್ಯಾಲೆ ಕ್ಲಾಸಿನ ಹಳೇ ಚಪ್ಪಲಿ ಹಾಕಿಕೊಂಡೆ, ಇಲ್ಲಿಯ ಗಂಡಸರಿಗೆ ಅದೊಂದು ತಮಾಷೆ. ಹಾಸ್ಟೆಲಿನಲ್ಲಿ ಮಂಚದ ಅಂಚಿಗೆ ಕೂತು ದಿಂಬಿನ ಮೇಲೆ ಎಡಗಾಲಿಟ್ಟು ಎರಡು ಇಂಚು ಮೆಲ್ಲಗೆ, ಎರಡು ಇಂಚು ಮೆಲ್ಲಗೆ ಎಂದು ಪ್ರಾಕ್ಟೀಸ್ ಮಾಡುತ್ತೇನೆ. ನನ್ನ ರೂಮ್‌ಮೇಟ್ ಇದು ಯಾವುದೋ ಕಾಯಿಲೆ ಅಂದುಕೊಂಡಿದ್ದಾಳೆ.

ಹೋದ ಶನಿವಾರ 15.02. ನಿನ್ನೆ 14.41. ಟೈರು ಗೊಣಗಿತು ಅಪ್ಪ. ಕಾರಿನ ಮೂಗು ಮೇಲೆದ್ದಾಗ ಬೆನ್ನು ಸೀಟಿಗೆ ಅಂಟಿತು, ಒಂದು ಕ್ಷಣ ಭಯ ಎನ್ನುವುದೇ ಇರಲಿಲ್ಲ. ಆಮೇಲೆ ಬಂತು.

ಆದರೆ ಎರಡೂ ದಿನ ಸೋತೆ. ಗಾಜಿನ ಮೇಲೆ 13.40 ಬರೆದೆ. ನಿನ್ನೆ ಎದುರಿಗಿದ್ದದ್ದು ದಂತವೈದ್ಯರ ಹೆಂಡತಿಯ ಮನೆಬಳಕೆಯ ಉದ್ದ ಗಾಡಿ, ಬರೆದದ್ದು 17.10. ಹಿಂದಿನ ಸೀಟಿನಲ್ಲಿ ದಿನಸಿ ಚೀಲ, ಮೊಟ್ಟೆಯ ಡಬ್ಬಿ. ಅವರು ಹೊರಟು ಮೂರು ಮುಕ್ಕಾಲು ಸೆಕೆಂಡ್ ಆಗುವ ತನಕ ನಾನು ಗೆರೆಯಲ್ಲೇ ನಿಂತಿದ್ದೆ. ಅವರು ಹೋಗುತ್ತಿದ್ದಾರೆ, ನಾನು ನಿಂತಿದ್ದೇನೆ, ಇಡೀ ಜನ ನೋಡುತ್ತಿದೆ. ಹತ್ತಿರ ಹತ್ತಿರ ಒಂದು ಸೆಕೆಂಡಿನಿಂದ ಸೋತೆ. ಆಮೇಲೆ ಅವರೇ ಬಂದು, "ಬೇಜಾರು ಮಾಡ್ಕೋಬೇಡಮ್ಮ, ಇದ್ರಲ್ಲಿ ಗಂಡಸ್ರನ್ನೂ ಸೋಲ್ಸಿದೀನಿ. ಮೊಟ್ಟೆ ಒಂದೂ ಒಡ್ದಿಲ್ಲ ನೋಡು" ಎಂದರು. ನಾನು ಥ್ಯಾಂಕ್ಸ್ ಎಂದೆ. ಥ್ಯಾಂಕ್ಸ್ ಯಾಕೆ ಹೇಳಿದೆನೋ. ಹಾಸ್ಟೆಲ್ ಕಲಿಸಿದ್ದು ಅಷ್ಟೇ.

ಒಪಲ್ ಗಾಜು ನೋಡಿ, "ಹದಿಮೂರು ನಲವತ್ತು ಬರ್ಯೋರು ನಿಮ್ಮನೇಲಿ ಇನ್ನೂ ಇದಾರೆ ಅನ್ನು" ಎಂದರು. ನನಗೆ ಹೆಮ್ಮೆಯೇ ಆಯಿತು. ನಿಮ್ಮನ್ನು ಇಲ್ಲಿ ಯಾರೂ ಮರೆತಿಲ್ಲ.

ತೊಂದರೆ ಇರುವುದು ಮೂರನೇ ಗೇರಿನಲ್ಲಿ. ಒಂದರಿಂದ ಎರಡು ಸರಿ. ಎರಡರಿಂದ ಮೂರಕ್ಕೆ ಪ್ರತಿ ಸಲ ಸಿಕ್ಕಿಹಾಕಿಕೊಳ್ಳುತ್ತದೆ, ಇಲ್ಲವೇ ಎಲ್ಲೂ ಕೂರದೆ ಇಂಜಿನ್ ಸುಮ್ಮನೆ ಅರಚುತ್ತದೆ. ಕೈ ಬೆವರುತ್ತದೆ. ಏನು ಮಾಡಲಿ?

ನೆಡ್ರಾ


ಕ್ಯಾಂಪ್
20 ಸೆಪ್ಟೆಂಬರ್

ನೆಡ್ರಾ,

ಮೊಟ್ಟೆ ಗಾಡಿಗೆ ಸೋತವರು ನಮ್ಮ ವಂಶದಲ್ಲಿ ಯಾರೂ ಇಲ್ಲ. ಇದನ್ನ ಡಾಯ್ಲ್‌ಗೆ ಹೇಳಬೇಡ.

ನೀನು ಗೇರಿನ ಕೋಲನ್ನ ಕತ್ತು ಹಿಡಿದ ಹಾಗೆ ಹಿಡೀತೀಯ. ಹಿಡಿದರೆ ನಿನಗೇ ಗೊತ್ತಾಗದೆ ನಿನ್ನ ಕಡೆಗೆ ಎಳ್ಕೋತೀಯ. ಮೂರನೇ ಗೇರಿನ ದಾರಿ ನಡುವೆ ಇದೆ, ನಿನ್ನ ಕಡೆ ಇಲ್ಲ. ಅಂಗೈ ಬಿಚ್ಚು. ಕೋಲಿನ ಗುಂಡನ್ನ ಅಂಗೈ ಬುಡದಿಂದ ಮುಂದಕ್ಕೆ ತಳ್ಳು, ಬಾಗಿಲು ತಳ್ಳಿದ ಹಾಗೆ, ಬೆರಳು ಸುತ್ತಬಾರದು. ಒಳಗೆ ಸ್ಪ್ರಿಂಗ್ ಇದೆ, ಅದೇ ನಡುವಿಗೆ ತರುತ್ತೆ. ಅದನ್ನ ನಂಬು. ಒಂದರಿಂದ ಎರಡಕ್ಕೆ ಎಳೀಬೇಕು, ಎರಡರಿಂದ ಮೂರಕ್ಕೆ ತಳ್ಳಬೇಕು, ಮೂರರಿಂದ ನಾಲ್ಕಕ್ಕೆ ನೇರ ಎಳೀಬೇಕು. ಮುಳ್ಳು ಐದು ಸಾವಿರದ ಎಂಟುನೂರು ಮುಟ್ಟಿದಾಗ. ಅದಕ್ಕೆ ಮುಂಚೆ ಅಲ್ಲ, ಆಮೇಲೂ ಅಲ್ಲ. ಮುಳ್ಳು ನೋಡ್ತಾ ಕೂರಬೇಡ, ದನಿ ಕಲಿ.

ಕೈ ಬೆವರಿದರೆ ಪ್ಯಾಂಟಿಗೆ ಒರೆಸ್ಕೋ. ಇದನ್ನೂ ಅಲಾಸ್ಕಾದಿಂದ ಬರೀಬೇಕಾ?

14.41 ಅಂದರೆ ಇನ್ನೂ ಒಂದು ಸೆಕೆಂಡ್ ಬೇಕು. ನಿನ್ನ ಹಾಸ್ಟೆಲ್ ಅಂಕಪಟ್ಟಿಯ ಹಾಗೇ ಆಯ್ತು. ಯಾವಾಗಲೂ ಸ್ವಲ್ಪ ಕಡಿಮೆ.

ವರ್ಲಿನ್


ಟಲ್ಸಾ
26 ಸೆಪ್ಟೆಂಬರ್

ಅಪ್ಪ,

13.88.

ಮತ್ತೊಮ್ಮೆ ಬರೆಯುತ್ತೇನೆ, 13.88. ಅಂಗೈಯಿಂದ ತಳ್ಳಿದೆ, ಮೂರನೇ ಗೇರ್ ಬಾಗಿಲು ತೆರೆದ ಹಾಗೆ ಹೋಯಿತು. ಮುಳ್ಳು ನೋಡಲೇ ಇಲ್ಲ. ಮುಟ್ಟಿದ ಮೇಲೆ ಕಾರು ನಿಲ್ಲಿಸಲು ಮರೆತು, ವಾಪಸು ಬರುವ ತಿರುವು ದಾಟಿ ಹುಲ್ಲಿಗೆ ಹೋದೆ. ಒಪಲ್ ಚೀಟಿ ಬರೆದು, ನೋಡಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. "ಇದು ನೀನೇ ಓಡ್ಸಿದ್ದಾ, ಇಲ್ಲ ಒಳಗೆ ಇನ್ಯಾರಾದ್ರೂ ಅಡ್ಗಿದಾರಾ?" ಎಂದರು.

ಸೋತೆ, ಅದು ಬೇರೆ ವಿಷಯ. ಗ್ಯಾರೇಜಿನವನೊಬ್ಬನ ಪಿಕಪ್, ಅವನು ಬರೆದದ್ದು 15.30, ಓಡಿದ್ದು 15.36. ನನಗಿಂತ ಸುಮಾರು ಎರಡು ಸೆಕೆಂಡ್ ಮೊದಲು ಬಿಟ್ಟರು. ಅಷ್ಟು ಚೆನ್ನಾಗಿ ಓಡಿದ ಮೇಲೂ ಅವನ ಹಿಂದಿನ ಹಲಗೆ ನೋಡಿಕೊಂಡೇ ಮುಟ್ಟಿದೆ. ಇನ್ನು ಅರ್ಧ ಸೆಕೆಂಡ್ ಇಳಿಸಬೇಕು. ನೀವು ಅದನ್ನು ಎಲ್ಲಿ ಇಳಿಸಿದಿರಿ? ಗೆರೆಯಲ್ಲಾ, ಗೇರಿನಲ್ಲಾ? ವಾರವಿಡೀ ಮೂರನೇ ಗೇರನ್ನೇ ಯೋಚಿಸಿ ಶುಕ್ರವಾರದ ಕೆಮಿಸ್ಟ್ರಿ ಪರೀಕ್ಷೆಯಲ್ಲಿ ಉತ್ತರದ ಬದಲು ಗೇರಿನ ಚಿತ್ರ ಬರೆದಿದ್ದೆ.

ಅಂಕಪಟ್ಟಿ ವಿಷಯ ನೀವು ಬರೆಯಬಾರದಿತ್ತು. ಎಂಟು ವರ್ಷದಲ್ಲಿ ಹದಿನಾರು ಅಂಕಪಟ್ಟಿ ಕಳಿಸಿದ್ದೆ. ಸಹಿ ಮಾಡಿ ವಾಪಸು ಬಂದದ್ದು ಮೂರು. ಅದರಲ್ಲೊಂದರ ಮೇಲೆ "ಎಂಬತ್ತೆಂಟೇ ಯಾಕೆ?" ಎಂದು ಬರೆದಿದ್ದಿರಿ. ಆ ಕಾರ್ಡನ್ನು ಎಲ್ಲ ಹುಡುಗಿಯರಿಗೂ ತೋರಿಸಿದ್ದೆ, ನಮ್ಮಪ್ಪ ಓದಿದ್ದಾರೆ ನೋಡಿ ಎಂದು. ನನಗೆ ಆಗ ಹನ್ನೊಂದು ವರ್ಷ. ಈಗ ಅದು ನೆನಪಾದರೆ ಮೈ ಉರಿಯುತ್ತದೆ.

ಆದರೂ 13.88. ಈ ಸಲವಾದರೂ ಒಂದು ಒಳ್ಳೆ ಮಾತು ಬರೆಯಿರಿ.

ನೆಡ್ರಾ


ಟಲ್ಸಾ
10 ಅಕ್ಟೋಬರ್

ಅಪ್ಪ,

ಎರಡು ವಾರವಾಯಿತು. ಉತ್ತರ ಇಲ್ಲ. ಕೆಳಗಿನ ಅಂಚೆ ಗೂಡನ್ನು ದಿನಕ್ಕೆ ನಾಲ್ಕು ಸಲ ನೋಡುತ್ತೇನೆ, ವಾರ್ಡನ್ ಮೇಡಂ "ಬಾಯ್‌ಫ್ರೆಂಡಾ?" ಎಂದು ಕೇಳುತ್ತಾರೆ.

ಕಾಗದ ತಲುಪಲಿಲ್ಲವಾ? ಹುಷಾರಿಲ್ಲವಾ? ಅಥವಾ ಅರ್ಧ ಸೆಕೆಂಡ್ ಕಡಿಮೆ ಬಿದ್ದವಳಿಗೆ ಉತ್ತರ ಬರೆಯುವಷ್ಟು ಪುರುಸೊತ್ತಿಲ್ಲವಾ? ಮೂರನೆಯದೇ ಇರಬೇಕು, ನನಗೆ ಗೊತ್ತು.

ಹೋದ ಶನಿವಾರ 13.95. ನಿನ್ನೆ 13.91. ಎರಡೂ ದಿನ ಮೊದಲ ಸುತ್ತಿನಲ್ಲೇ ಸೋಲು. ನಾನು ಎಷ್ಟು ಬೇಗ ಹೋದರೂ ಸೋಲು ಹಾಗೇ ಇದೆ. ಈಗ ಮೈಕಿನವನು ನನ್ನ ನಂಬರು ಕೂಗಿದರೆ ಮೆಟ್ಟಿಲ ಮೇಲೆ ಕೂತು ನೋಡುವವರು ನಗುತ್ತಾರೆ, ಯಾಕೆಂದು ತಿಳಿಯುತ್ತಿಲ್ಲ. ಇನ್ನು ಮೂರು ಶನಿವಾರ ಇವೆ.

ಒಂದು ಸಾಲು ಬರೆದರೂ ಸಾಕು. ಬೈದೇ ಬರೆಯಿರಿ.

ನೆಡ್ರಾ


ಕ್ಯಾಂಪ್
12 ಅಕ್ಟೋಬರ್

ನೆಡ್ರಾ,

ಕೆಲಸ ಜಾಸ್ತಿ ಇತ್ತು. ಕಾಗದ ಬಂದಿದೆ.

ಯೋಚನೆ ಮಾಡಿದೆ. ನಿನ್ನ ಓದು ಹಾಳಾಗ್ತಿದೆ, ಪರೀಕ್ಷೆಯಲ್ಲಿ ಗೇರಿನ ಚಿತ್ರ ಬರೆಯೋ ಹುಡುಗಿ ನಂಗೆ ಬೇಡ. ಕಾರು ನಿನ್ನ ಕೈಗೆ ದೊಡ್ಡದು. ಡಾಯ್ಲ್‌ಗೆ ಕಾಗದ ಹಾಕಿದ್ದೀನಿ, ತಿಂಗಳ ಕೊನೆಗೆ ಬಂದು ತಗೊಂಡು ಹೋಗ್ತಾನೆ. ಬೀಗದ ಕೈ ಅವನಿಗೆ ಕೊಡು.

13.88 ಅನ್ನೋದು 13.40 ಅಲ್ಲ. ಇನ್ನು ಆ ಟ್ರ್ಯಾಕಿಗೆ ಹೋಗಬೇಡ. ಆ ಒಪಲ್ ಹತ್ತಿರ ಕೂತು ಹರಟೆ ಹೊಡೀಬೇಡ.

ವರ್ಲಿನ್


ಟಲ್ಸಾ
18 ಅಕ್ಟೋಬರ್

ಅಪ್ಪ,

ಈ ಸಲ ಸಾರಿ ಇಲ್ಲ.

ನಿನ್ನ ಕಾಗದ ಬರುವ ಮೊದಲೇ, ಶನಿವಾರ, ಟ್ರ್ಯಾಕಿಗೆ ಹೋಗಿದ್ದೆ. 13.84 ಓಡಿದೆ. ಸೋತೆ. ಈ ಸಲ ಇಳಿದು ಟೈರಿಗೆ ಒದ್ದೆ, ಎಲ್ಲರ ಮುಂದೆ, ಬ್ಯಾಲೆ ಚಪ್ಪಲಿಯಲ್ಲಿ. ಬೆರಳು ಊದಿದೆ. ಒಪಲ್ ಕಿಟಕಿಯ ಪಕ್ಕದ ಬಾಗಿಲು ತೆಗೆದು ಒಳಗೆ ಕರೆದರು.

"ಕಾರಿಗ್ಯಾಕೆ ಒದೀತೀಯ? ನಿಮ್ಮಪ್ಪಂಗೆ ಒದಿ."

"ಯಾಕೆ?"

"ಯಾಕೆ ಅಂತೆ. ನಿನ್ನ ಗಾಡಿ ಎಷ್ಟು ಓಡುತ್ತೋ ಅಷ್ಟು ಬರ್ಯೋದು ಆಟ. ನೀನು ಓಡೋದು ಹದಿಮೂರು ಎಂಬತ್ತು ಚಿಲ್ಲರೆ, ಬರ್ಯೋದು ಹದಿಮೂರು ನಲವತ್ತು. ಎದುರಿನವ್ರಿಗೆ ಪ್ರತಿ ಶನಿವಾರ ಅರ್ಧ ಸೆಕೆಂಡ್ ದಾನ ಮಾಡ್ತಿದೀಯ. ಹದಿನಾಲ್ಕು ನಲವತ್ತು ಬರ್ದಿದ್ರೆ ಆ ಮೊಟ್ಟೆ ಗಾಡೀನ ಅವತ್ತೇ ಸೋಲಿಸ್ತಿದ್ದೆ."

"ಆದರೆ ಕಾರಿನ ನಂಬರು ಅದೇ. ಅಪ್ಪ ಓಡಿದ್ದಾರೆ."

ಒಪಲ್ ಮೇಜಿನ ಕೆಳಗಿಂದ ಬಿಸ್ಕತ್ತಿನ ತಗಡಿನ ಡಬ್ಬಿಗಳನ್ನು ಎಳೆದರು. ಅವರು ಬರೆಯುವ ಪ್ರತಿ ಚೀಟಿಯ ಕೆಳಗೆ ಕಾರ್ಬನ್ ಇರುತ್ತದೆ ಅಂತ ನಿನಗೆ ಗೊತ್ತಿರಲಿಲ್ಲ, ಅಲ್ಲವಾ? ಪ್ರತಿಗಳನ್ನು ಅವರು ಎಸೆಯುವುದಿಲ್ಲ ಅಂತಲೂ. ಎಪ್ಪತ್ತೊಂದು, ಎಪ್ಪತ್ತೆರಡು, ಎಪ್ಪತ್ಮೂರು. ಟ್ಯಾಕೆಟ್, ವಿ. ನಲವತ್ತೊಂದು ಚೀಟಿ. ನಲವತ್ತೊಂದರಲ್ಲೂ ಬರೆದದ್ದು 13.40. ನಲವತ್ತೊಂದರಲ್ಲೂ ಸೋಲು. ಎಲ್ಲಕ್ಕಿಂತ ಒಳ್ಳೆಯದು 1973 ಜೂನ್ ಒಂಬತ್ತರದ್ದು. 13.94.

ನಾನು ಮೂರು ಸಲ ಎಣಿಸಿದೆ. ಕೆಮಿಸ್ಟ್ರಿಯಲ್ಲಿ ತಪ್ಪುವವಳು, ಇದರಲ್ಲಿ ತಪ್ಪಬಾರದು ಎಂದು.

"ಮೂರು ವರ್ಷ ಬರ್ದ, ಮೂರು ವರ್ಷ ಸೋತ," ಎಂದರು ಒಪಲ್. "ಪ್ರತಿ ಸಲ ಈ ಕಿಟಕಿಗೆ ಬಂದು ದೀಪ ಸರಿಯಿಲ್ಲ, ಗಡಿಯಾರ ಸರಿಯಿಲ್ಲ ಅಂತ ಜಗಳ. ನಾವು ನಗ್ತಿದ್ವಿ. ನೀನು ಬಂದು ಅದನ್ನೇ ಬರ್ದಾಗ ನಗೂನೂ ಬಂತು, ಹೊಟ್ಟೇನೂ ಉರೀತು. ಮೊದಲ ದಿನವೇ ಹೇಳ್ಬೇಕಿತ್ತು. ನಂದೂ ತಪ್ಪು."

ಹದಿಮೂರು ನಲವತ್ತು ಬರೆಯುವವರು ನಿಮ್ಮ ಮನೆಯಲ್ಲಿ ಇನ್ನೂ ಇದ್ದಾರೆ ಎಂದು ಅವರು ಅವತ್ತು ಹೇಳಿದ್ದನ್ನು ನಾನು ಹೊಗಳಿಕೆ ಅಂದುಕೊಂಡಿದ್ದೆ. ಹೆಮ್ಮೆಯಿಂದ ನಿನಗೆ ಬರೆದಿದ್ದೆ.

ಈಗ ದಿನಾಂಕ ಲೆಕ್ಕ ಹಾಕುತ್ತೇನೆ, ನೀನೂ ಹಾಕು. ಸೆಪ್ಟೆಂಬರ್ ಇಪ್ಪತ್ತಾರಕ್ಕೆ 13.88 ಎಂದು ಬರೆದೆ. ಅದು ನಿನಗೆ ಒಂದು ವಾರದಲ್ಲಿ ಸಿಕ್ಕಿತು. ಮಗಳು ನಿನ್ನನ್ನು ದಾಟಿದಳು ಎಂದು ಆ ಕ್ಷಣ ಗೊತ್ತಾಯಿತು, ನನಗಿಂತ ಮೊದಲೇ ನಿನಗೆ ಗೊತ್ತಾಯಿತು. ಸುಮ್ಮನಾದೆ. ಆಮೇಲೆ ಕಾರು ಡಾಯ್ಲ್‌ಗೆ. ಕಾರಣ ನನ್ನ ಓದು. ಹದಿನಾರು ಅಂಕಪಟ್ಟಿಯಲ್ಲಿ ಮೂರನ್ನು ನೋಡಿದವನಿಗೆ ಈಗ ನನ್ನ ಓದಿನ ಚಿಂತೆ.

ನಿನ್ನ ಕ್ಲಚ್ ಪಾಠ ಸರಿಯಾಗಿತ್ತು. ಮೂರನೇ ಗೇರಿನ ಪಾಠ ಸರಿಯಾಗಿತ್ತು. ಅದಕ್ಕೇ ಇನ್ನೂ ಹೆಚ್ಚು ಸಿಟ್ಟು. ಎಲ್ಲ ಸುಳ್ಳಾಗಿದ್ದರೆ ಬಿಟ್ಟುಬಿಡಬಹುದಿತ್ತು. ಗೆಲ್ಲುವುದು ಹೇಗೆ ಎಂದು ಇಂಚಿಂಚು ಕಲಿಸಿ, ಗೆಲ್ಲಲಾಗದ ನಂಬರನ್ನು ಗಾಜಿನ ಮೇಲೆ ಬರೆಸಿದೆ. ಏಳು ಶನಿವಾರ ನಾನು ಟ್ರ್ಯಾಕಿನ ಟಾಯ್ಲೆಟ್ಟಿನಲ್ಲಿ ಕೂತು ಅತ್ತಿದ್ದೇನೆ. ಇದನ್ನು ಯಾವ ಕಾಗದದಲ್ಲೂ ಬರೆದಿರಲಿಲ್ಲ. ನಿನಗೆ ನಾಚಿಕೆಯಾಗಬಾರದು ಎಂದು.

ಮಾತು ಕೊಟ್ಟದ್ದು ಸೀಸನ್ ಮುಗಿಯುವ ತನಕ. ಎರಡು ಸಲ ಹೇಳಲ್ಲ ಎಂದಿದ್ದೆ. ಸರಿ, ಒಂದೇ ಸಲ ಹೇಳಿದ್ದನ್ನು ಉಳಿಸಿಕೋ. ಬೀಗದ ಕೈ ನನ್ನ ಹತ್ತಿರವೇ ಇದೆ.

ನೆಡ್ರಾ


ಕ್ಯಾಂಪ್
25 ಅಕ್ಟೋಬರ್

ನೆಡ್ರಾ,

ಒಪಲ್‌ಗೆ ಬಾಯಿ ಮೊದಲಿಂದಲೂ ಉದ್ದ.

13.40 ಸುಳ್ಳಲ್ಲ. ಎಪ್ಪತ್ತರಲ್ಲಿ, ಕಾರು ಹೊಸದಾಗಿದ್ದಾಗ, ಅರ್ಕಾನ್ಸಸ್ ಗಡಿಯ ಹಳೇ ವಿಮಾನದ ಮೈದಾನದಲ್ಲಿ ಓಡಿಸಿದ್ದೆ. ಗಡಿಯಾರ ಇರಲಿಲ್ಲ. ಚೀಟಿ ಬರೆಯೋರು ಇರಲಿಲ್ಲ. ಆದರೆ ಆ ಓಟ ಹೇಗಿತ್ತು ಅಂತ ನನ್ನ ಬೆನ್ನಿಗೆ ಗೊತ್ತು. ಆಮೇಲೆ ಅದು ಮತ್ತೆ ಬರಲಿಲ್ಲ. ಬರುತ್ತೆ ಅಂತ ಬರೀತಿದ್ದೆ. ಮೂರು ವರ್ಷ ಬರೆದೆ. ಕಡಿಮೆ ಬರೆದು ಗೆಲ್ಲೋದು ಗೆಲುವಲ್ಲ.

ನಿನ್ನ 13.88 ಕಾಗದ ಬಂದ ದಿನ ನಾಲ್ಕು ಜನರ ಮುಂದೆ ಓದಿದ್ದೆ, ಜೋರಾಗಿ. ಆಮೇಲೆ ಅದು ಏನು ಅಂತ ಹೊಳೀತು. ಉತ್ತರಕ್ಕೆ ಕೂತೆ, ಬರಲಿಲ್ಲ.

ಮಾತು ಮಾತೇ. ಒಂದು ಶನಿವಾರ ಉಳಿದಿದೆ, ಗೆದ್ದರೆ ಸಹಿ ಮಾಡ್ತೀನಿ. ಆದರೆ ಗಾಜಿನ ಮೇಲೆ 13.40 ಇರಬೇಕು. ಬೇರೆ ನಂಬರು ಬರೆದರೆ ಅದು ನನ್ನ ಕಾರಲ್ಲ, ಷರತ್ತೂ ಇಲ್ಲ. ಡಾಯ್ಲ್ ಭಾನುವಾರ ಬರ್ತಾನೆ.

ಅಪ್ಪ


ಟಲ್ಸಾ
1 ನವೆಂಬರ್

ಅಪ್ಪ,

ನಿನ್ನ ಕಾಗದ ಶನಿವಾರ ಬೆಳಗ್ಗೆ ಸಿಕ್ಕಿತು. ಅದರ ಹಿಂದಿನ ಶನಿವಾರ ಮಳೆಯಿಂದ ಓಟ ನಡೆಯಲಿಲ್ಲ, ಉಳಿದಿದ್ದು ಇದೊಂದೇ. ಟ್ರ್ಯಾಕಿನ ಸಾಲಿನಲ್ಲಿ ನಿಂತು, ಸ್ಟಿಯರಿಂಗ್ ಮೇಲೆ ಇಟ್ಟುಕೊಂಡು ಓದಿದೆ. ಶೂ ಪಾಲಿಶಿನ ಬಾಟಲಿ ಕೈಯಲ್ಲೇ ಇತ್ತು. ನಾಲ್ಕು ಜನರ ಮುಂದೆ ಓದಿದ್ದೆ ಎಂಬ ಸಾಲನ್ನು ಎರಡು ಸಲ ಓದಿದೆ. ಕರಗಿದೆ ಎಂದುಕೊಳ್ಳಬೇಡ. ಅದನ್ನು ಅವತ್ತೇ ಒಂದು ಸಾಲು ಬರೆದಿದ್ದರೆ ಇಷ್ಟು ದಿನ ನಾನು ಅಂಚೆ ಗೂಡಿಗೆ ಕಾವಲು ಕೂರುತ್ತಿರಲಿಲ್ಲ.

ನಿನ್ನ ವಿಮಾನದ ಮೈದಾನ ನಿಜವೇ ಇರಬಹುದು. ನಿನ್ನ ಬೆನ್ನಿಗೆ ಗೊತ್ತಿರಬಹುದು. ಆದರೆ ಅದು ನಿನ್ನ ಬೆನ್ನು.

ಗಾಜಿನ ಮೇಲೆ 13.85 ಬರೆದೆ. ಮೈಕಿನವನು "ಟ್ಯಾಕೆಟ್, ಹದಿಮೂರು..." ಎಂದು ಅಭ್ಯಾಸಬಲದಿಂದ ಶುರು ಮಾಡಿ ನಿಂತ. ಆಮೇಲೆ "ಎಂಬತ್ತೈದು" ಎಂದ. ಮೆಟ್ಟಿಲ ಮೇಲೆ ಯಾರೂ ನಗಲಿಲ್ಲ. ದಂತವೈದ್ಯರ ಹೆಂಡತಿ ಒಬ್ಬರೇ ಚಪ್ಪಾಳೆ ತಟ್ಟಿದರು.

ಎದುರಿಗೆ ಗೊಬ್ಬರ ಮಾರುವವನೊಬ್ಬನ ಕೆಂಪು ಕಾರು, ಬರೆದದ್ದು 14.60. ಅವನು ಮುಕ್ಕಾಲು ಸೆಕೆಂಡ್ ಮೊದಲು ಹೊರಟ. ಕೊನೇ ಹಳದಿಗೆ ಬಿಟ್ಟೆ. ಟೈರು ಗೊಣಗಿತು. ಎಳೆದೆ, ತಳ್ಳಿದೆ, ಎಳೆದೆ. ಅರ್ಧ ದಾರಿಯಲ್ಲಿ ಅವನ ಬಾಗಿಲು ಕಂಡಿತು, ಆಮೇಲೆ ಅವನ ಮುಖ, ಆಮೇಲೆ ಏನೂ ಇಲ್ಲ, ಬರೀ ರಸ್ತೆ. ನನ್ನ ಓಟ 13.87. ಗೆದ್ದೆ.

ಎರಡನೇ ಸುತ್ತಿಗೆ ಅದೇ ಪಿಕಪ್‌ನವನು. "ಏನಮ್ಮಾ, ಲೆಕ್ಕ ಕಲಿತ್ಯಾ?" ಎಂದ. ಅವನನ್ನೂ ದಾಟಿ ಮೊದಲು ಮುಟ್ಟಿದೆ. ಆದರೆ ಓಡಿದ್ದು 13.79. ಬರೆದದ್ದಕ್ಕಿಂತ ಬೇಗ. ಸೋಲು. ಒಪಲ್ ಚೀಟಿ ಕೊಡುತ್ತಾ, "ಟ್ಯಾಕೆಟ್‌ಗಳಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಓಡಿ ಸೋತೋಳು ನೀನೇ ಮೊದಲು" ಎಂದರು. ಅವತ್ತು ಟಾಯ್ಲೆಟ್ಟಿಗೆ ಹೋಗಲಿಲ್ಲ. ಆ ಚೀಟಿಯನ್ನು ಹಿಡಿದುಕೊಂಡು ಜನರ ನಡುವೆ ನಿಂತು ಎರಡು ಹಾಟ್ ಡಾಗ್ ತಿಂದೆ.

ಡಾಯ್ಲ್ ನಿನ್ನೆ ಗ್ಯಾರೇಜಿಗೆ ಬಂದ. ಬೀಗದ ಕೈ ನಾನೇ ಕೊಟ್ಟೆ, ನೀನು ಹೇಳಿದ್ದೆಯಲ್ಲ. ಕೂತ, ತಿರುಗಿಸಿದ. ಕಾರು ಕುಂಯ್‌ಗುಟ್ಟಿತು, ಹತ್ತಲಿಲ್ಲ. ಇಪ್ಪತ್ತು ನಿಮಿಷ ತಿರುಗಿಸಿದ. ಪ್ಲಗ್ಗಿಗೆಲ್ಲ ಕರೆಂಟು ಹಂಚುವ ರೋಟರ್ ತುಂಡನ್ನು ನಾನು ಬೆಳಗ್ಗೆಯೇ ಕಿತ್ತು ಕೋಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದೆ.

"ಏನು ಮಾಡಿದ್ಯೇ ಇದಕ್ಕೆ?"

"ನಾನೇನು ಮಾಡ್ಲಿ ಡಾಯ್ಲ್, ಪುಸ್ತಕ ಓದೋಳು."

"ಚಿಕ್ಕಪ್ಪಂಗೆ ಬರೀತೀನಿ ನೋಡು."

"ಬರಿ. ಅಂಚೆಯವನು ಹೆಸರು ಕೂಗ್ತಾನೆ, ಹುಷಾರು."

ಮುಂದಿನ ಭಾನುವಾರ ಕಟ್ಟಿ ಎಳೆಯುವ ಟ್ರಕ್ ತರುತ್ತಾನಂತೆ. ಎಳೆದುಕೊಂಡು ಹೋಗಲು ರೋಟರ್ ಬೇಕಾಗಿಲ್ಲ, ಅದು ನನಗೂ ಗೊತ್ತು.

ಆದ್ದರಿಂದ ಕೇಳು. ನಿನ್ನ ಷರತ್ತು ಎರಡು. ಒಂದು ಸುತ್ತು ಗೆಲ್ಲು ಎಂದೆ, ಗೆದ್ದೆ. ನಿನ್ನ ನಂಬರು ಬರಿ ಎಂದೆ, ಬರೆಯಲಿಲ್ಲ. ಎರಡನ್ನೂ ಒಟ್ಟಿಗೆ ಮಾಡಲು ಆಗುವುದಿಲ್ಲ, ಅದು ನಿನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ನಲವತ್ತೊಂದು ಸಲ ಪ್ರಯತ್ನಿಸಿದ್ದೀಯ. ನಾನು ಕಡಿಮೆ ಬರೆದು ಗೆಲ್ಲಲಿಲ್ಲ. ಇದ್ದದ್ದನ್ನು ಬರೆದು ಗೆದ್ದೆ. ಇದರಲ್ಲಿ ಯಾವುದು ಗೆಲುವಲ್ಲ ಎಂದು ನನಗೆ ಮತ್ತೆ ಪಾಠ ಬರೆಯಬೇಡ.

ಸಿಟ್ಟು ಇಳಿದಿಲ್ಲ. ಸಹಿ ಹಾಕಿದರೂ ಬೇಗ ಇಳಿಯುವುದಿಲ್ಲ. ಗ್ಯಾರೇಜಿನ ಗೋಡೆಯ ಮೇಲಿನ ನಿನ್ನ ನಂಬರನ್ನು ನಾನು ಅಳಿಸಿಲ್ಲ, ಅದು ನಿನ್ನ ಗೋಡೆ. ನನಗೆ ಬೇಕಾಗಿರುವುದು ಕಾರು. ಕಾರಿನ ಕಾಗದ ಅದರ ಡ್ಯಾಶ್‌ಬೋರ್ಡಿನ ಖಾನೆಯಲ್ಲೇ ಇತ್ತು, ಈ ಲಕೋಟೆಯಲ್ಲಿ ಇಟ್ಟಿದ್ದೇನೆ, ಹಿಂಬದಿಯಲ್ಲಿ ನೀನು ಸಹಿ ಮಾಡುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ಕ್ಯಾಂಪಿನ ಆಫೀಸಿನಲ್ಲಿ ನೋಟರಿ ಇರುತ್ತಾರೆ, ವಿಚಾರಿಸಿದೆ. ಡಾಯ್ಲ್ ಬರುವುದು ಏಳನೇ ತಾರೀಕು. ಅಷ್ಟರೊಳಗೆ ನಿನ್ನ ಉತ್ತರ ಅಂಚೆಯಲ್ಲಿ ಇಲ್ಲಿಗೆ ಮುಟ್ಟುವುದಿಲ್ಲ, ಅದಕ್ಕೆ ಅವನಿಗೊಂದು ತಂತಿ ಕೊಡು, ನನಗೊಂದು ಕಾಗದ ಹಾಕು.

ಹೌದು ಅಥವಾ ಇಲ್ಲ, ಯಾವುದಾದರೂ ಸರಿ, ಬೇಗ ಉತ್ತರ ಬರಿ.

ನೆಡ್ರಾ